ಅಪ್ಪನ ಮುಯ್ಯಿ ಪುಸ್ತಕದಲ್ಲಿ ಉಳಿದಿರುವ 11 ರೂಪಾಯಿ: ಹೇಗೆ ತೀರಿಸಲಿ?

ತಿಪಟೂರು ಟೈಲರ್ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವಳು. ಇಲ್ಲೇ ಹುಟ್ಟಿ, ಇಲ್ಲೇ ಮದುವೆಯಾಗಿ, ಈಗ ಪೇಟೆಯಲ್ಲಿ ಒಂದು ಸಣ್ಣ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ವಿಷಯದಲ್ಲಿ ತಿಳಿದವರ ಸಲಹೆ ಬೇಕಿತ್ತು.

ಅಪ್ಪ ಹೋಗಿ ಎರಡು ವರ್ಷ ಆಯಿತು. ಕಳೆದ ತಿಂಗಳು ಅಟ್ಟದಿಂದ ಕೊಬ್ಬರಿ ಇಳಿಸುವಾಗ ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ನಮ್ಮ ಕಡೆಯವರಿಗೆ ಗೊತ್ತು, ಕಾಯಿ ಅಟ್ಟಕ್ಕೆ ಹಾಕಿದ ಮೇಲೆ ಗಿಟುಕು ಆಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ಆ ಮೂಲೆಗೆ ಯಾರೂ ಕೈ ಹಾಕುವುದಿಲ್ಲ. ಪೆಟ್ಟಿಗೆ ತೆಗೆದರೆ ಒಳಗೆ ಮೂರು ಮುಯ್ಯಿ ಪುಸ್ತಕ, ಅಂದರೆ ಮನೆಯ ಶುಭಕಾರ್ಯಕ್ಕೆ ಬಂದವರು ಯಾರು ಏನು ಕೊಟ್ಟರು ಅಂತ ಬರೆದಿಟ್ಟ ಲೆಕ್ಕ. 1991ರದು ನಮ್ಮ ಗೃಹಪ್ರವೇಶದ್ದು, 1998ರದು ಅತ್ತೆ ಮದುವೆಯದು, 2009ರದು ನನ್ನ ಮದುವೆಯದು. ಮೂರರಲ್ಲೂ ಅಪ್ಪನ ಅಕ್ಷರ.

1998ರ ಪುಸ್ತಕವನ್ನು ಕೂತು ಪೂರ್ತಿ ಓದಿದೆ. ಉದ್ದನೆಯ ಲೆಕ್ಕದ ಪುಸ್ತಕ, ಮೊದಲ ಪುಟದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದಾರೆ. ಹಾಲ್ಕುರಿಕೆ ಮಾವ, 101 ಮತ್ತು ಕೊಳದಪ್ಪಲೆ ಒಂದು. ನೊಣವಿನಕೆರೆ ದೊಡ್ಡಮ್ಮ, ಸ್ಟೀಲ್ ಕೊಡ ಒಂದು. ಗಾಣದ ಮನೆ, 51. ಹೀಗೆ ಇನ್ನೂರಕ್ಕೂ ಹೆಚ್ಚು ಹೆಸರು. ವಾಪಸ್ ಮಾಡಿದ ಮುಯ್ಯಿಗೆಲ್ಲ ಅಪ್ಪ ನೀಲಿ ಪೆನ್ನಿನಲ್ಲಿ ಟಿಕ್ ಹಾಕಿದ್ದಾರೆ. ಹದಿನೆಂಟು ಹೆಸರಿಗೆ ಟಿಕ್ ಇಲ್ಲ. ಅದರಲ್ಲಿ ಒಂದು, 'ಬಳೆ ತಾತ, 11'.

ಈಗ ನೋಡಿದರೆ ಆ ಬಳೆ ತಾತನ ಮೊಮ್ಮಗಳ ಮದುವೆ. ಕರೆಯೋಲೆ ಮನೆಗೇ ತಂದುಕೊಟ್ಟು ಕರೆದಿದ್ದಾರೆ. ಅದರ ಕೆಳಗೆ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚಾಗಿದೆ.

ಅಮ್ಮ ಹೇಳುತ್ತಾರೆ, ಮುಯ್ಯಿ ಉಳಿಸಿಕೊಂಡರೆ ಅದು ಋಣ, ಹೇಗಾದರೂ ತೀರಿಸಲೇಬೇಕು ಅಂತ. ಬೆಂಗಳೂರಲ್ಲಿರುವ ತಮ್ಮ ಫೋನಲ್ಲಿ 501 ಹಾಕಿಬಿಡು ಅಂತಾನೆ. ನನಗೆ ಎರಡೂ ಸಮಾಧಾನ ಆಗುತ್ತಿಲ್ಲ. ಬೇಡ ಅಂದವರಿಗೆ ದುಡ್ಡು ಕೊಡುವುದು ಹೇಗೆ? ಕೊಡದೆ ಉಂಡು ಬರುವುದಾದರೂ ಹೇಗೆ? ಅಪ್ಪ ಇದ್ದಿದ್ದರೆ ಏನೋ ಒಂದು ಮಾಡುತ್ತಿದ್ದರು.

ಇನ್ನೊಂದು ಮಾತು. ಕೆಲವು ಹೆಸರಿನ ಪಕ್ಕ ಕೆಂಪು ಪೆನ್ನಿನಲ್ಲಿ ಸಣ್ಣ ಸೊನ್ನೆ ಸುತ್ತಿದ್ದಾರೆ. ಟಿಕ್ ಇದ್ದವರಿಗೂ ಇದೆ, ಇಲ್ಲದವರಿಗೂ ಇದೆ. ಬಳೆ ತಾತನ ಹೆಸರಿಗೂ ಇದೆ. ಮುಯ್ಯಿ ಪುಸ್ತಕದಲ್ಲಿ ಈ ಗುರುತಿಗೆ ಏನಾದರೂ ಅರ್ಥ ಇದೆಯಾ?

ಅರಸೀಕೆರೆ ಮೇಷ್ಟ್ರು

ತಾಯಿ, ನಿಮ್ಮ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ನಾನು ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದವನು, ಈಗ ನಿವೃತ್ತಿ. ಅಕ್ಷರ ದುಂಡಗಿದೆ ಅನ್ನುವ ಕಾರಣಕ್ಕೆ ಸುತ್ತಲ ಊರಿನ ಮದುವೆಗಳಲ್ಲೆಲ್ಲ ಮುಯ್ಯಿ ಬರೆಯಲು ನನ್ನನ್ನೇ ಕೂರಿಸುತ್ತಿದ್ದರು. ಒಂದು ಟೇಬಲ್ಲು, ಎರಡು ಕುರ್ಚಿ, ಒಂದು ಸ್ಟೀಲ್ ಡಬ್ಬಿ. ಒಬ್ಬರು ಎಣಿಸುವುದು, ಒಬ್ಬರು ಬರೆಯುವುದು. ಮೊದಲ ಮುಯ್ಯಿ ಸೋದರಮಾವನದೇ ಆಗಬೇಕು. ಅವರು ಇನ್ನೂ ಬಂದಿಲ್ಲ ಅಂದರೆ ಮೊದಲ ಸಾಲು ಖಾಲಿ ಬಿಟ್ಟು ಎರಡನೇ ಸಾಲಿನಿಂದ ಶುರುಮಾಡುತ್ತಿದ್ದೆ.

ಬರೆಯುವಾಗ ಊರು ಮೊದಲು, ಆಮೇಲೆ ಮನೆತನ, ಆಮೇಲೆ ಹೆಸರು. ಯಾಕೆಂದರೆ ಒಂದೇ ಹೆಸರಿನವರು ಐದಾರು ಜನ ಇರುತ್ತಾರೆ. ಎಷ್ಟೋ ಜನ ಮುಯ್ಯಿ ಕೊಟ್ಟ ಮೇಲೂ ಟೇಬಲ್ ಬಿಟ್ಟು ಹೋಗುತ್ತಿರಲಿಲ್ಲ. ಬಗ್ಗಿ ನೋಡಿ, ತಮ್ಮ ಹೆಸರು ಸರಿಯಾಗಿ ಬಿದ್ದಿದೆಯಾ ಅಂತ ಓದಿಸಿಕೊಂಡು ಹೋಗುತ್ತಿದ್ದರು. ಓದು ಬಾರದ ಅಜ್ಜಿಯರೂ ಹಾಗೆಯೇ ಮಾಡುತ್ತಿದ್ದರು. ತಾವು ಬಂದಿದ್ದು ಬರಹದಲ್ಲಿ ಇರಬೇಕು ಅಷ್ಟೆ. ಮೊದಲೆಲ್ಲ ಮೈಕಿನಲ್ಲಿ ಮೊತ್ತ ಕೂಗುವುದಿತ್ತು. ಐದು, ಹತ್ತು ಕೊಡುವವರು ಮುಖ ತಗ್ಗಿಸುತ್ತಿದ್ದರು. ನಾನು ಕೂತ ಕಡೆ ಅದನ್ನು ನಿಲ್ಲಿಸಿದೆ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಹಳೇ 500ರ ನೋಟು ತಂದವರನ್ನು ಬೇಡ ಅನ್ನಲೂ ಆಗದೆ, ಅದನ್ನು ಬೇರೆ ಪುಟದಲ್ಲಿ ಬರೆದಿಟ್ಟಿದ್ದು ನೆನಪಿದೆ.

ಸೊನ್ನೆ ಗುರುತು ನಾನು ಬಳಸಿದ್ದಲ್ಲ. ವಸ್ತು ರೂಪದಲ್ಲಿ ತೀರಿದ್ದಕ್ಕೆ ಹಾಕಿರಬಹುದು ಅಂತ ನನ್ನ ಊಹೆ. ನಿಮ್ಮ ತಾಯಿಯವರನ್ನೇ ಕೇಳಿ. ಮೊತ್ತದ ಬಗ್ಗೆ ಹೇಳುವುದಾದರೆ, ಬಂದಿದ್ದಕ್ಕಿಂತ ಒಂದು ಕೈ ಜಾಸ್ತಿ ಹಾಕುವುದು ನಮ್ಮ ಪದ್ಧತಿ. ಸಮ ಕೊಟ್ಟರೆ ಲೆಕ್ಕ ಮುಗಿಸಿದ ಹಾಗೆ ಆಗುತ್ತದೆ. ಒಂದಿಷ್ಟು ಜಾಸ್ತಿ ಕೊಟ್ಟರೆ ಹೋಗಿಬರುವುದು ಮುಂದುವರಿಯುತ್ತದೆ.

ಚನ್ನರಾಯಪಟ್ಟಣದಿಂದ

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ಮೇಷ್ಟ್ರ ಮಾತಿಗೆ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ ಇದೆ.

'ಒಂದು ಕೈ ಜಾಸ್ತಿ' ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ನಮ್ಮ ಮನೆಯಲ್ಲಿ ನಾನು ಕಂಡಿದ್ದು ಬೇರೆ. ಮದುವೆ ತಿಂಗಳು ಬಂತು ಅಂದರೆ ಒಂದೇ ದಿನ ಮೂರು ನಾಲ್ಕು ಮದುವೆ. ಅಮ್ಮ ಕೂಲಿಗೆ ಹೋಗುತ್ತಿದ್ದವರು. ಮುಯ್ಯಿಗಾಗಿ ಸಂಘದಲ್ಲಿ ಸಾಲ ತೆಗೆದು, ಆಷಾಢ ಬಂದ ಮೇಲೆ ಉಸಿರು ಬಿಡುತ್ತಿದ್ದರು. ಆ ತಿಂಗಳು ಮದುವೆ ಇರುವುದಿಲ್ಲವಲ್ಲ, ಸಾಲ ಕಟ್ಟಲು ಸಿಗುತ್ತಿದ್ದ ಬಿಡುವು ಅದೊಂದೇ. ಒಂದು ಸಲ ದುಡ್ಡು ಹೊಂದಲಿಲ್ಲ ಅಂತ ಸ್ವಂತ ಗೆಳತಿ ಮಗನ ಮದುವೆಗೇ ಹೋಗಲಿಲ್ಲ. ಜ್ವರ ಅಂತ ಹೇಳಿ ಕಳಿಸಿದರು. ಆ ದಿನ ಸಂಜೆ ಅಮ್ಮ ಒಲೆ ಮುಂದೆ ಸುಮ್ನೆ ಕೂತಿದ್ದರು. ನಾನು ಆಗ ಏಳನೇ ಕ್ಲಾಸು.

ಹಾಗಾಗಿ ಯಾರಾದರೂ 'ಆಶೀರ್ವಾದವೇ ಉಡುಗೊರೆ' ಅಂತ ಅಚ್ಚು ಹಾಕಿಸಿದರೆ ನನಗೆ ಅವರ ಮೇಲೆ ಗೌರವ ಬರುತ್ತದೆ. ಬರಿಗೈಲಿ ಬಂದವರೂ ತಲೆಯೆತ್ತಿ ಊಟ ಮಾಡಲಿ ಅಂತ ತಾನೇ ಅವರು ಹಾಕಿಸಿರುವುದು? ನೀವು ಕವರ್ ಕೊಟ್ಟರೆ ಹಿಂದೆ ನಿಂತವರಿಗೂ ಕೊಡಲೇಬೇಕು ಅನ್ನಿಸುತ್ತದೆ. ಅದನ್ನೂ ಯೋಚನೆ ಮಾಡಿ.

ಲೆಕ್ಕವೇ ಬೇಕು ಅನ್ನುವುದಾದರೆ ಇದು ನೋಡಿ. 1998ರಲ್ಲಿ 10 ಗ್ರಾಂ ಚಿನ್ನ 4 ಸಾವಿರದ ಆಸುಪಾಸು ಇತ್ತು. 2025ರಲ್ಲಿ ಲಕ್ಷ ದಾಟಿತು. 25 ಪಟ್ಟಿಗೂ ಜಾಸ್ತಿ. ಆ 11 ರೂಪಾಯಿ ಆ ಲೆಕ್ಕದಲ್ಲಿ ಸುಮಾರು 300. ನಿಮ್ಮ ತಮ್ಮ ಹೇಳಿದ 501 ಅದಕ್ಕಿಂತ ಜಾಸ್ತಿಯೇ ಆಯಿತು. ಆದರೆ ನಿಮಗೆ ಬೇಕಿರುವುದು ಈ ಲೆಕ್ಕ ಅಲ್ಲ ಅಂತ ನನಗೂ ಗೊತ್ತಾಗುತ್ತಿದೆ.

ಧಾರವಾಡದ ಮೌಶಿ

ನಮ್ಮ ಕಡೆ ಇದಕ್ಕೆ ಆಯೇರಿ ಅಂತೀವಿ. ರೊಕ್ಕಕ್ಕಿಂತ ಅರಿವೆಯೇ ಜಾಸ್ತಿ. ಹೆಣ್ಣುಮಕ್ಕಳಿಗೆ ಸೀರೆ ಇಲ್ಲವೆ ಜಂಪರ್ ಪೀಸು, ಗಂಡಸರಿಗೆ ಟವೆಲ್ಲು, ಟೋಪಿ. ಒಂದೇ ಜಂಪರ್ ಪೀಸು ನಾಲ್ಕು ಮನೆ ತಿರುಗಿ ವಾಪಸ್ ನಮ್ಮ ಮನೆಗೇ ಬಂದಿದ್ದೂ ಉಂಟು, ಅದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ.

ತಂಗಿ, ನಿನಗೆ ಒಂದು ದಾರಿ ಹೇಳುತ್ತೇನೆ. ಉಡುಗೊರೆ ಬೇಡ ಅಂದವರೂ ಉಡಿ ತುಂಬಿದರೆ ಬೇಡ ಅನ್ನುವುದಿಲ್ಲ. ಒಂದು ಗುಳೇದಗುಡ್ಡದ ಖಣ, ಸೇರು ಅಕ್ಕಿ, ಕಾಯಿ, ಉತ್ತತ್ತಿ, ಅರಿಶಿನ ಕೊಂಬು, ಬೆಲ್ಲದ ಅಚ್ಚು. ನಿಮ್ಮ ಕಡೆ ಮಡಿಲಕ್ಕಿ ಅಂತಾರಲ್ಲ, ಅದು. ಹುಡುಗಿ ಸೆರಗು ಒಡ್ಡುತ್ತಾಳೆ, ನೀನು ತುಂಬುತ್ತೀ. ಅದನ್ನು ಯಾರೂ ಉಡುಗೊರೆ ಅಂತ ಎಣಿಸುವುದಿಲ್ಲ, ಯಾವ ಟೇಬಲ್ಲಿನ ಮೇಲೂ ಬರೆಯುವುದಿಲ್ಲ.

ಮದುವೆ ದಿನವೇ ಆಗಬೇಕು ಅಂತಲೂ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ತಂಗಿ ಮಗಳ ಮದುವೆ ಆಯಿತು. 50 ಜನಕ್ಕಷ್ಟೇ ಪರವಾನಗಿ. ಕರೆಯಲಾಗದೆ ಉಳಿದವರು ದೀಪಾವಳಿವರೆಗೂ ಒಬ್ಬೊಬ್ಬರೇ ಮನೆಗೆ ಬಂದು ಉಡಿ ತುಂಬಿ ಹೋದರು. ಚಾ ಕುಡಿದು ಒಂದು ತಾಸು ಕೂತು ಮಾತಾಡಿದರು. ಮದುವೆ ಹಾಲಿನಲ್ಲಿ ಅಷ್ಟು ಮಾತು ಎಲ್ಲಿ ಆಗುತ್ತದೆ, ನೀನೇ ಹೇಳು.

ತಿಪಟೂರು ಟೈಲರ್ ಅಕ್ಕ

ಮೂವರಿಗೂ ತುಂಬಾ ಧನ್ಯವಾದ. ಚನ್ನರಾಯಪಟ್ಟಣದ ತಮ್ಮ, ಬೇಜಾರು ಏನೂ ಇಲ್ಲಪ್ಪ. ನಿಮ್ಮ ಅಮ್ಮ ಒಲೆ ಮುಂದೆ ಕೂತಿದ್ದು ಓದಿ ಕಣ್ಣು ತುಂಬಿ ಬಂತು. ಕವರ್ ಕೊಡುವುದು ಬೇಡ ಅಂತ ಆಗಲೇ ತೀರ್ಮಾನ ಮಾಡಿದೆ.

ಸೊನ್ನೆ ಗುರುತಿನ ವಿಷಯ ಗೊತ್ತಾಯಿತು. ಅಮ್ಮನ ಮುಂದೆ ಪುಸ್ತಕ ಇಟ್ಟು, ಸೊನ್ನೆ ಇರುವ ಹೆಸರುಗಳನ್ನು ಒಂದೊಂದಾಗಿ ಓದಿದೆ. ನಾಲ್ಕನೇ ಹೆಸರಿಗೇ ಅಮ್ಮ ತಡೆದರು. "ಇವರೆಲ್ಲ ಚಪ್ಪರದ ದಿನ ಬಂದವರು ಕಣೇ" ಅಂದರು.

ಆಗ ಮದುವೆ ಮನೆ ಮುಂದೆಯೇ ಆಗುತ್ತಿತ್ತು. ಹಿಂದಿನ ದಿನ ಬಂದು ತೆಂಗಿನ ಗರಿ ಹೆಣೆದವರು, ರಾತ್ರಿ ಕೂತು ಕುಂಬಳಕಾಯಿ ಹೆಚ್ಚಿದವರು, ಬಾವಿಯಿಂದ ಹಂಡೆಗೆ ನೀರು ತುಂಬಿದವರು. ಅವರ ಹೆಸರಿಗೆಲ್ಲ ಅಪ್ಪ ಸೊನ್ನೆ ಸುತ್ತಿದ್ದಾರೆ. ಗಾಣದ ಮನೆಯವರು ತಮ್ಮ ಹಾಸಿಗೆ, ಜಮಖಾನ ಪೂರ್ತಿ ಕೊಟ್ಟಿದ್ದರಂತೆ. ಬಳೆ ತಾತ ಬಳೆಯ ಮಲಾರ ಹೊತ್ತು ಬಂದು, ಜಗಲಿಯಲ್ಲಿ ಕೂತು, ಬೀದಿಯ ಹೆಂಗಸರು ಮಕ್ಕಳಿಗೆಲ್ಲ ಹಸಿರು ಗಾಜಿನ ಬಳೆ ತೊಡಿಸಿದರಂತೆ. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಮಾರನೇ ದಿನ ಮತ್ತೆ ಬಂದು ಟೇಬಲ್ಲಿಗೆ 11 ರೂಪಾಯಿ ಕಟ್ಟಿ ಹೋದರು. ಆ ಬಳೆ ತೊಟ್ಟವರಲ್ಲಿ ನಾನೂ ಒಬ್ಬಳು. ನನಗಾಗ ಹನ್ನೆರಡು ವರ್ಷ. ಬಳೆ ಮಾತ್ರ ನೆನಪಿತ್ತು, ಅದು ಪುಕ್ಕಟೆ ಬಂದದ್ದು ಅಂತ ಗೊತ್ತಿರಲಿಲ್ಲ.

ಮದುವೆಗೆ ಇನ್ನೂ ಹನ್ನೆರಡು ದಿನ ಇದೆ. ನಾಳೆಯೇ ಅವರ ಮನೆಗೆ ಹೋಗುತ್ತೇನೆ. ಅವರು ಬಳೆ ತೊಡಿಸಿದರು. ನನಗೆ ಹೊಲಿಗೆ ಬರುತ್ತದೆ.

ಅರಸೀಕೆರೆ ಮೇಷ್ಟ್ರು

ನನ್ನ ಊಹೆ ತಪ್ಪಾಗಿತ್ತು. ಇಷ್ಟು ವರ್ಷ ಮುಯ್ಯಿ ಬರೆದೆ, ಕೆಲಸಕ್ಕೆ ಬಂದವರನ್ನು ಗುರುತು ಮಾಡಬೇಕು ಅಂತ ನನಗೆ ಒಂದು ದಿನವೂ ಹೊಳೆಯಲಿಲ್ಲ. ಹೊಲಗದ್ದೆಯಲ್ಲಿ ಇದೇ ಪದ್ಧತಿಗೆ ಮುಯ್ಯಾಳು ಅನ್ನುತ್ತೇವೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅಲ್ಲಿ ದುಡ್ಡಿನ ಮಾತೇ ಬರುವುದಿಲ್ಲ. ಹೋಗಿ ಬಂದು ಏನಾಯಿತು ಅಂತ ಖಂಡಿತ ಬರೆಯಿರಿ.

ತಿಪಟೂರು ಟೈಲರ್ ಅಕ್ಕ

ಮದುವೆ ಮುಗಿದು ಮೂರು ದಿನ ಆಯಿತು. ಬರೆಯಲು ತಡವಾಯಿತು, ಕ್ಷಮಿಸಿ.

ಅವತ್ತು ಹೋದಾಗ ಮದುಮಗಳ ರವಿಕೆಗಳೆಲ್ಲ ಆಗಲೇ ತುಮಕೂರಿನಲ್ಲಿ ಹೊಲಿಯಲು ಕೊಟ್ಟಾಗಿತ್ತು. ಕೈಗೆಲ್ಲ ಕುಸುರಿ ಕೆಲಸ ಇರುವಂಥದ್ದು. ಅಡಿಗೆ ಕಂಟ್ರಾಕ್ಟಿಗೆ, ಮದುವೆ ಸಮುದಾಯ ಭವನದಲ್ಲಿ. ಗರಿ ಹೆಣೆಯುವುದೂ ಇಲ್ಲ, ಹೆಚ್ಚುವುದೂ ಇಲ್ಲ. ಒಂದು ಕ್ಷಣ ಏನು ಮಾಡಲಿ ಅಂತ ತೋಚಲಿಲ್ಲ.

ಅಷ್ಟರಲ್ಲಿ ಒಳಗಿಂದ ಅಜ್ಜಿ ಬಂದರು, ಬಳೆ ತಾತನ ಹೆಂಡತಿ. ಅವರಿಗೆ ಒಂದು ಭುಜ ಹಿಡಿದುಕೊಂಡಿದೆ, ಕೈ ಮೇಲೆ ಎತ್ತಲು ಆಗುವುದಿಲ್ಲ. ಇರುವ ರವಿಕೆಯನ್ನು ಸೊಸೆ ತೊಡಿಸಬೇಕು, ಅದೂ ನೋವಿನಲ್ಲೇ. ಅಳತೆ ತೆಗೆದುಕೊಂಡೆ. ಆ ಕಡೆಯ ಕಂಕುಳಲ್ಲಿ ಎರಡು ಬೆರಳು ಸಡಿಲ ಬಿಟ್ಟೆ. ತೋಳಿನ ಮೇಲಿನ ಹೊಲಿಗೆಯನ್ನು ಭುಜದವರೆಗೂ ತೆರೆದಿಟ್ಟು, ಅಲ್ಲಿ ಒತ್ತುಗುಂಡಿ ಇಟ್ಟೆ. ಕೈ ಎತ್ತದೆಯೇ ತೊಡಬಹುದು, ಮೇಲೆ ಸೆರಗು ಬಂದರೆ ಗುಂಡಿ ಕಾಣುವುದೂ ಇಲ್ಲ. ಅಂಥ ನಾಲ್ಕು ರವಿಕೆ ಹೊಲಿದೆ. ಮದುವೆ ದಿನ ಅಜ್ಜಿ ರೇಷ್ಮೆ ರವಿಕೆಯನ್ನು ತಾವೇ ತೊಟ್ಟುಕೊಂಡು ಬಂದರು. ಸೊಸೆ ಅದನ್ನೇ ನಾಲ್ಕು ಜನಕ್ಕೆ ಹೇಳಿದರು.

ಹಿಂದಿನ ರಾತ್ರಿಯೂ ಹೋಗಿದ್ದೆ. ತಾಂಬೂಲದ ಚೀಲ ತುಂಬುವ ಕೆಲಸ ಇತ್ತು, ಆರುನೂರು ಚೀಲ. ಹನ್ನೊಂದು ಗಂಟೆವರೆಗೆ ಕೂತು ಕಾಯಿ, ಎಲೆ, ಅಡಿಕೆ ಹಾಕಿದೆವು. ಧಾರವಾಡದ ಮೌಶಿ, ನೀವು ಹೇಳಿದ ಹಾಗೆ ಮಡಿಲಕ್ಕಿಯನ್ನೂ ತುಂಬಿದೆ. ಖಣ ಇಲ್ಲಿ ಸಿಗಲಿಲ್ಲ, ರವಿಕೆ ಬಟ್ಟೆ ಇಟ್ಟೆ.

ಬಳೆ ತಾತನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಹತ್ತಿರ ಹೋಗಿ ಇಂಥವರ ಮಗಳು ಅಂತ ಅಪ್ಪನ ಹೆಸರು ಹೇಳಿದೆ. ಏನೂ ಮಾತಾಡದೆ ನನ್ನ ಬಲಗೈ ಹಿಡಿದರು. ಹೆಬ್ಬೆರಳನ್ನು ಒಳಗೆ ಮಡಚಿ, ಗೆಣ್ಣುಗಳನ್ನು ಒಟ್ಟು ಸೇರಿಸಿ ಒತ್ತಿ ನೋಡಿದರು. "ಎರಡು ನಾಲ್ಕು" ಅಂದರು. ನನ್ನ ಬಳೆ ಅಳತೆ ಅದೇ. ಆಮೇಲೆ "ನಿಮ್ಮತ್ತೆದು ಎರಡು ಆರು, ಅವಳು ಚೆನ್ನಾಗಿದ್ದಾಳಾ?" ಅಂತ ಕೇಳಿದರು. ಮನೆಗೆ ಬಂದು ಅತ್ತೆಗೆ ಫೋನ್ ಮಾಡಿದೆ. ಈಗಲೂ ಎರಡು ಆರೇ ಅಂತೆ.

ಅಪ್ಪನ ಪುಸ್ತಕದಲ್ಲಿ ಬಳೆ ತಾತನ ಹೆಸರಿಗೆ ನಾನು ಟಿಕ್ ಹಾಕಿಲ್ಲ. ಇನ್ನೂ ಹದಿನೇಳು ಹೆಸರು ಉಳಿದಿವೆ. ಮೇಷ್ಟ್ರೇ, ಅದರಲ್ಲಿ ಎರಡು ಹೆಸರು ನೀರು ಬಿದ್ದು ಮಸುಕಾಗಿವೆ, ಊರು ಮಾತ್ರ ಓದಲು ಬರುತ್ತದೆ. ಎರಡೂ ನಿಮ್ಮ ಅರಸೀಕೆರೆ ಕಡೆಯ ಹಳ್ಳಿಗಳೇ. ನಾಳೆ ಬೆಳಕಿನಲ್ಲಿ ಫೋಟೊ ತೆಗೆದು ಹಾಕುತ್ತೇನೆ, ದಯವಿಟ್ಟು ನೋಡಿ ಹೇಳಿ.