ಪದಚರ್ಚೆ: ‘ಮೆಮೊರಿ ಐಸೊಲೇಷನ್ ಟೆಸ್ಟ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಮಾನ್ಯರೇ,

ಲಿನಕ್ಸ್‌ನ ಕೆವಿಎಂ (ಒಂದೇ ಕಂಪ್ಯೂಟರಿನಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರುಗಳನ್ನು, ಓಡಿಸುವ ವ್ಯವಸ್ಥೆ) ಮೇಲೆ ಓಡುವ ವರ್ಚುವಲ್ ಯಂತ್ರಗಳ ಪರೀಕ್ಷೆಗಳನ್ನು ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹಗಳು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಒಂದೇ ಹೋಸ್ಟ್ (ಆಶ್ರಯ ಕೊಡುವ ಕಂಪ್ಯೂಟರ್) ಮೇಲಿರುವ ಎರಡು ಗೆಸ್ಟ್‌ಗಳಲ್ಲಿ (ಅದರ ಮೇಲೆ ಓಡುವ ವರ್ಚುವಲ್ ಯಂತ್ರಗಳಲ್ಲಿ) ಒಂದರ ಮೆಮೊರಿಯನ್ನು ಇನ್ನೊಂದು ಓದಲೂ ತಿದ್ದಲೂ ಆಗದಿರುವುದೇ ಇಲ್ಲಿನ ‘ಐಸೊಲೇಷನ್’. ಸದ್ಯಕ್ಕೆ ‘ಸ್ಮೃತಿ ಪ್ರತ್ಯೇಕತಾ ಪರೀಕ್ಷೆ’ ಎಂದು ಬರೆದುಕೊಂಡಿದ್ದೇನೆ. ‘ನೆಗೆಟಿವ್ ಟೆಸ್ಟ್’ಗೆ, ಅಂದರೆ ಓದುವ ಯತ್ನ ಸೋತರೆ ಮಾತ್ರ ಗೆದ್ದಂತಾಗುವ ಪರೀಕ್ಷೆಗೆ, ‘ಋಣಾತ್ಮಕ ಪರೀಕ್ಷೆ’ ಎಂದಿಟ್ಟಿದ್ದರೂ ಮನಸ್ಸು ಒಪ್ಪುತ್ತಿಲ್ಲ. ಹಿಂದಿನ ಗೆಸ್ಟ್ ಬಿಟ್ಟುಹೋದ ಮಾಹಿತಿ ಮುಂದಿನದರ ಕೈಗೆ ಸಿಗುತ್ತದೆಯೇ ಎಂದು ನೋಡುವ ಪರೀಕ್ಷೆಗಂತೂ ಪದವೇ ಹೊಳೆದಿಲ್ಲ. ದಯವಿಟ್ಟು ತಿಳಿಸಿ.

ಮರುಪತ್ರ 1

‘ಪ್ರತ್ಯೇಕತೆ’ ಸಲ್ಲದು. ಪ್ರತಿ ಮತ್ತು ಏಕ ಸೇರಿ ಆದ ‘ಪ್ರತ್ಯೇಕ’ಕ್ಕೆ ಸಂಸ್ಕೃತದಲ್ಲಿ ‘ಒಂದೊಂದೂ’ ಎಂಬುದೇ ಅರ್ಥ. ‘ಬೇರೆಯಾದುದು’ ಎಂಬುದು ಕನ್ನಡದಲ್ಲಿ ಅದಕ್ಕೆ ಅಂಟಿಕೊಂಡದ್ದು. ತಮಗೆ ಬೇಕಾದುದು ‘ವಿವಿಕ್ತ’, ಅಂದರೆ ಬೇರೆಯಾಗಿಸಿದ್ದು. ‘ಸ್ಮೃತಿವಿವಿಕ್ತತಾ ಪರೀಕ್ಷೆ’ ಎಂದು ಅಚ್ಚುಹಾಕಿಸಿ. ಇದರಲ್ಲಿ ಚರ್ಚಿಸಲು ಏನೂ ಉಳಿದಿಲ್ಲ.

ಮರುಪತ್ರ 2

ಕನ್ನಡದ ಓದುಗನಿಗೆ ‘ಸ್ಮೃತಿ’ ಎಂದೊಡನೆ ಮನುವೂ ಯಾಜ್ಞವಲ್ಕ್ಯನೂ ಎದುರು ನಿಲ್ಲುತ್ತಾರೆ. ‘ಸ್ಮೃತಿ ಪರೀಕ್ಷೆ’ ಎಂದರೆ ಪಾಠಶಾಲೆಯ ವಾರ್ಷಿಕ ಪರೀಕ್ಷೆ ಎಂದುಕೊಂಡಾನು. ‘ನೆನಪಿನ ಬೇರ್ಪಡಿಕೆಯ ಒರೆ’ ಎನ್ನಿ. ಚಿನ್ನವನ್ನು ಒರೆಗೆ ಹಚ್ಚುವ ನಾಡಿನಲ್ಲಿ ಟೆಸ್ಟಿಗೆ ಪದವಿಲ್ಲವೆಂದು ಪರದಾಡುವುದೇಕೆ? ‘ಸ್ಮೃತಿ ಬೇರ್ಪಡಿಕೆ’ ಎಂದು ಯಾರಾದರೂ ರಾಜಿಗೆ ಬರುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ, ವ್ಯಾಕರಣ ಒಪ್ಪದ ಸಮಾಸ. ವ್ಯಾಕರಣಕಾರ ಕೇಶಿರಾಜ 13ನೆಯ ಶತಮಾನದಲ್ಲೇ ಬೇಡವೆಂದದ್ದನ್ನು ನಾವು ಕಂಪ್ಯೂಟರಿನ ಹೆಸರಿನಲ್ಲಿ ಒಳಗೆ ಬಿಟ್ಟುಕೊಳ್ಳಬೇಕಾಗಿಲ್ಲ.

ಮರುಪತ್ರ 3

ಇಬ್ಬರೂ ಪದದ ಬೇರನ್ನು ನೋಡಿದ್ದಾರೆಯೇ ಹೊರತು ಪರೀಕ್ಷೆಯನ್ನು ನೋಡಿಲ್ಲ. ‘ಒರೆ’ಗೆ ಕತ್ತಿಯ ಚೀಲವೆಂಬ ಅರ್ಥವೂ ಇದೆ, ‘ನೆನಪಿನ ಒರೆ’ ಎಂದರೆ ಮೆಮೊರಿಗೆ ತೊಡಿಸಿದ ಹೊದಿಕೆ ಎಂದು ತಿಳಿಯುವವರೇ ಹೆಚ್ಚು.

ಅದಕ್ಕಿಂತ ಮುಖ್ಯವಾದುದು ‘ಬೇರ್ಪಡಿಕೆ’ಯ ತೊಡಕು. ಗೆಸ್ಟ್ ತನ್ನದೆಂದು ತಿಳಿದಿರುವ ಭೌತಿಕ ವಿಳಾಸವನ್ನು ಪ್ರೊಸೆಸರ್ ಇನ್ನೊಂದು ಹಂತದ ಕೋಷ್ಟಕದ ಮೂಲಕ ಹೋಸ್ಟ್‌ನ ನಿಜವಾದ ವಿಳಾಸಕ್ಕೆ ಬದಲಿಸುತ್ತದೆ; ಇಂಟೆಲ್‌ನಲ್ಲಿ ಇದು ಇಪಿಟಿ, ಎಎಂಡಿಯಲ್ಲಿ ಎನ್‌ಪಿಟಿ. ಎರಡು ಗೆಸ್ಟ್‌ಗಳ ಪುಟಗಳು (ಮೆಮೊರಿಯ ತುಂಡುಗಳು) ಭೌತಿಕವಾಗಿ ಬೇರೆ ಬೇರೆಯೇ ಇರಬೇಕೆಂಬ ನಿಯಮವೇನೂ ಇಲ್ಲ. 2009ರಲ್ಲಿ ಲಿನಕ್ಸ್ 2.6.32ಕ್ಕೆ ಸೇರಿದ ಕೆಎಸ್‌ಎಂ ಎಂಬ ಸೌಲಭ್ಯವು, ಒಂದೇ ಬಗೆಯ ಮಾಹಿತಿಯುಳ್ಳ ಪುಟಗಳನ್ನು ಹುಡುಕಿ ಒಂದಾಗಿಸಿ, ಯಾವುದಾದರೂ ಗೆಸ್ಟ್ ಬರೆಯಲು ಹೊರಟಾಗ ಮಾತ್ರ ಅದಕ್ಕೆ ಬೇರೆ ಪ್ರತಿಯನ್ನು ಕೊಡುತ್ತದೆ. ಅಲ್ಲಿ ಬೇರ್ಪಡಿಕೆ ಇಲ್ಲ. ಆದರೂ ಒಂದರ ಬರಹ ಇನ್ನೊಂದಕ್ಕೆ ಕಾಣದಿರಬೇಕು, ಪರೀಕ್ಷಿಸಬೇಕಾದುದೂ ಅದನ್ನೇ. ಬ್ಯಾಂಕಿನಲ್ಲಿ ಇಬ್ಬರಿಗೆ ಪ್ರತ್ಯೇಕ ಖಾತೆ ಇದ್ದರೂ ಹಣ ಒಂದೇ ತಿಜೋರಿಯಲ್ಲಿರುತ್ತದೆ. ಹೀಗಾಗಿ ಸಂಸ್ಕೃತದಲ್ಲಿ ಅದರ ಅರ್ಥ ಏನೇ ಇರಲಿ, ಕನ್ನಡದ ‘ಪ್ರತ್ಯೇಕ’ವೇ ಇಲ್ಲಿ ಸರಿಯಾದ ಪದ. ‘ಮೆಮೊರಿ ಪ್ರತ್ಯೇಕತೆಯ ಪರೀಕ್ಷೆ’ ಎಂದು ಬರೆಯಿರಿ.

‘ಋಣಾತ್ಮಕ ಪರೀಕ್ಷೆ’ ಖಂಡಿತ ಬೇಡ. ಕೋವಿಡ್ ಕಾಲ ಕಂಡವರು ಅದನ್ನು ಪರೀಕ್ಷೆಯ ಫಲಿತಾಂಶ ಎಂದೇ ಓದುತ್ತಾರೆ. ‘ತಡೆ ಪರೀಕ್ಷೆ’ ಎನ್ನಿ, ತಡೆ ಬಿದ್ದರೆ ಗೆಲುವು. ಆದರೆ ಕೈಪಿಡಿಯಲ್ಲಿ ತಡೆ ಪರೀಕ್ಷೆಯೊಂದನ್ನೇ ಒಂಟಿಯಾಗಿ ಇಡಬೇಡಿ. ಓದುವ ಸಾಲೇ ಓಡದಿದ್ದರೂ, ವಿಳಾಸವೇ ತಪ್ಪಾಗಿದ್ದರೂ ‘ಓದಲಾಗಲಿಲ್ಲ’ ಎಂದೇ ಬರುವುದರಿಂದ, ಅದೇ ಸಾಲು ತನಗೆ ಕೊಟ್ಟ ಪುಟವನ್ನು ಓದಬಲ್ಲದೆಂದು ತೋರಿಸುವ ‘ಜೋಡಿ ಪರೀಕ್ಷೆ’ ಪಕ್ಕದಲ್ಲೇ ಇರಬೇಕು. ತಡೆ ಹೇಗೆ ಬಿತ್ತು ಎಂಬುದನ್ನೂ ಬರೆಯಿಸಿ: ಕೆವಿಎಂನಲ್ಲಿ ಮೆಮೊರಿ ಸ್ಲಾಟ್ (ಗೆಸ್ಟ್‌ಗೆ ಹಂಚಿಕೊಟ್ಟ ಮೆಮೊರಿಯ ಭಾಗ) ಇಲ್ಲದ ವಿಳಾಸವನ್ನು ಗೆಸ್ಟ್ ಮುಟ್ಟಿದರೆ ಅದು ಸಾಮಾನ್ಯವಾಗಿ ಎಂಎಂಐಒ ನಿರ್ಗಮನವಾಗಿ (ಸಾಧನವೊಂದನ್ನು ಮುಟ್ಟಿದಂತೆ ಎಣಿಸಿ, ಗೆಸ್ಟ್‌ನ ಓಟವನ್ನು ನಿಲ್ಲಿಸಿ) ಹೋಸ್ಟ್‌ನ ಪ್ರೋಗ್ರಾಮಿಗೆ ಬರುತ್ತದೆ, ಗೆಸ್ಟ್ ಕುಸಿದುಬಿದ್ದದ್ದನ್ನು ತಡೆಯೆಂದು ಎಣಿಸಬಾರದು.

ಮೂರನೆಯದಕ್ಕೆ ‘ಉಳಿಕೆ ಪರೀಕ್ಷೆ’ ಸಾಕು. ಮೊದಲ ಗೆಸ್ಟ್ ತನ್ನ ಪುಟಗಳಲ್ಲೆಲ್ಲ ಗುರುತಿನ ಸಂಖ್ಯೆಯೊಂದನ್ನು ತುಂಬಿ ಮುಚ್ಚಿಕೊಳ್ಳುತ್ತದೆ, ಎರಡನೆಯದು ಎದ್ದು ಅದನ್ನು ಹುಡುಕುತ್ತದೆ. ಸಿಗಲಿಲ್ಲವೆಂದ ಮಾತ್ರಕ್ಕೆ ಹಿಗ್ಗಬೇಕಾಗಿಲ್ಲ. ಅದಕ್ಕೆ ಬೇರೆಯ ಪುಟಗಳೇ ಸಿಕ್ಕಿರಬಹುದು. ಹೋಸ್ಟ್‌ನ ಮೆಮೊರಿಯನ್ನು ಬಿಗಿಹಿಡಿದು, ಹಳೆಯ ಪುಟಗಳೇ ಮರಳಿ ಬರುವಂತೆ ಮಾಡಿದರೆ ಮಾತ್ರ ಈ ಪರೀಕ್ಷೆಗೆ ಬೆಲೆ.

ಮರುಪತ್ರ 4

‘ಮೆಮೊರಿ ಪ್ರತ್ಯೇಕತೆಯ ಪರೀಕ್ಷೆ’ಯಲ್ಲಿ ಒಂದು ಪದ ಇಂಗ್ಲಿಷಿನದು, ಎರಡು ಸಂಸ್ಕೃತದವು. ಕನ್ನಡಕ್ಕೆ ದಕ್ಕಿದ್ದು ಷಷ್ಠೀ ವಿಭಕ್ತಿ ಮಾತ್ರ. ಹೀಗೆಯೇ ಮುಂದುವರಿದರೆ ಈ ಗುಂಪನ್ನು ಮುಚ್ಚುವುದೇ ಲೇಸು.

ಮರುಪತ್ರ 5

‘ಬ್ಯಾಂಕ್ ಖಾತೆ’ಯಲ್ಲಿ ಅಷ್ಟೂ ದಕ್ಕಿಲ್ಲ, ಆದರೂ ತಾವು ಅದನ್ನು ಬಳಸುತ್ತಲೇ ಇದ್ದೀರಿ. ಅರಿಸಮಾಸವನ್ನು ಬೇಡವೆಂದ ಕೇಶಿರಾಜನೇ ಬಿರುದಾವಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆ. ರೂಢಿಗೆ ಅವನು ಕೊಟ್ಟ ಮನ್ನಣೆಯನ್ನಾದರೂ ನಾವು ಕೊಡೋಣ. ನನಗೂ ‘ಮೆಮೊರಿ’ಯ ಮೇಲೆ ಮೋಹವಿಲ್ಲ. ಆದರೆ ‘ನೆನಪು ಸೋರಿಕೆ’ ಎಂದು ತಲೆಬರಹ ಕೊಟ್ಟರೆ ಓದುಗನು ಮರೆವಿನ ಕಾಯಿಲೆಯ ಲೇಖನವೆಂದುಕೊಂಡು ಪುಟ ತಿರುವುತ್ತಾನೆ.

ಮಾನ್ಯರೇ,

ಎಲ್ಲರಿಗೂ ವಂದನೆಗಳು. ‘ಮೆಮೊರಿ ಪ್ರತ್ಯೇಕತೆ’, ‘ತಡೆ ಪರೀಕ್ಷೆ’, ‘ಜೋಡಿ ಪರೀಕ್ಷೆ’, ‘ಉಳಿಕೆ ಪರೀಕ್ಷೆ’ ಎಂದೇ ಅಚ್ಚಿಗೆ ಕೊಡುತ್ತಿದ್ದೇನೆ. ಇನ್ನೊಂದೇ ಸಂದೇಹ: ಫಲಿತಾಂಶದ ಪಟ್ಟಿಯಲ್ಲಿ ಪಾಸ್, ಫೇಲ್‌ಗಳ ಜೊತೆ ಬರುವ ‘ಸ್ಕಿಪ್’ಗೆ ಏನೆನ್ನಲಿ? ‘ವಿನಾಯಿತಿ’ ಆದೀತೇ?

ಮರುಪತ್ರ 6

ಆಗದು. ಎಎಂಡಿಯ ಎಸ್‌ಇವಿ ಅಥವಾ ಇಂಟೆಲ್‌ನ ಟಿಡಿಎಕ್ಸ್ (ಗೆಸ್ಟ್‌ನ ಮೆಮೊರಿಯನ್ನು ಹೋಸ್ಟ್‌ನಿಂದಲೂ ಕಾಪಾಡುವ ಪ್ರೊಸೆಸರ್ ಸೌಲಭ್ಯಗಳು) ಇಲ್ಲದ ಯಂತ್ರದಲ್ಲಿ ಅವುಗಳ ಪರೀಕ್ಷೆ ನಡೆಯುವುದೇ ಇಲ್ಲ. ಲಿನಕ್ಸ್‌ನ ಸೆಲ್ಫ್‌ಟೆಸ್ಟ್‌ಗಳು (ಅದರ ಜೊತೆಗೇ ಬರುವ ಪರೀಕ್ಷೆಗಳು) ಇದಕ್ಕೆಂದೇ, ಪ್ರೋಗ್ರಾಮ್ ಮುಗಿಯುವಾಗ ತಿಳಿಸುವ ನಿರ್ಗಮನ ಸಂಖ್ಯೆಗಳಲ್ಲಿ 4ನ್ನು ಬೇರೆಯಾಗಿ ಇಟ್ಟುಕೊಂಡಿವೆ. ‘ವಿನಾಯಿತಿ’ ಎಂದರೆ ಪರೀಕ್ಷೆ ಇಲ್ಲದೆಯೇ ತೇರ್ಗಡೆಯಾದಂತೆ ಕೇಳಿಸುತ್ತದೆ, ಪಟ್ಟಿಯನ್ನು ಕೂಡಿಸುವವರೂ ಹಾಗೆಯೇ ಕೂಡಿಸಿಬಿಡುತ್ತಾರೆ. ‘ನಡೆಸಿಲ್ಲ’ ಎಂದು ಬರೆದು, ಕಾರಣಕ್ಕೆ ಪಕ್ಕದಲ್ಲಿ ಒಂದು ಅಂಕಣ ಬಿಡಿ.