ಬೋಗನ್‌ವಿಲ್ಲಾ ಮಾಡಿನ ಎತ್ತರ ಬೆಳೆದಿದೆ, ಹೂ ಮಾತ್ರ ಇಲ್ಲ

ಪೆರ್ಲದ ಅಂಗಳ
ಎಲ್ಲರಿಗೂ ನಮಸ್ಕಾರ. ನಮ್ಮದು ಪೆರ್ಲದ ಹತ್ತಿರ, ಮನೆ ಸುತ್ತ ಅಡಿಕೆ ತೋಟ. ಮೂರು ವರ್ಷದ ಹಿಂದೆ ಅಂಗಳದ ಬದಿಯಲ್ಲಿ ಕಡು ಗುಲಾಬಿ ಬಣ್ಣದ ಬೋಗನ್‌ವಿಲ್ಲಾ ನೆಟ್ಟಿದ್ದೆ. ಈಗ ಮನೆಯ ಮಾಡಿನ (ಸೂರಿನ) ಎತ್ತರಕ್ಕೆ ಬಂದಿದೆ, ಎಲೆ ದಟ್ಟ ಹಸಿರು, ಮುಳ್ಳೂ ಬೇಕಾದಷ್ಟು. ಹೂ ಮಾತ್ರ ವರ್ಷಕ್ಕೆ ನಾಲ್ಕೈದು ಗೊಂಚಲು. ಇದೇ ಗಿಡದ ಗೆಲ್ಲು ಕೊಂಡುಹೋಗಿ ತಂಗಿ ಉಪ್ಪಳದಲ್ಲಿ ನೆಟ್ಟಿದ್ದಾಳೆ, ಅಲ್ಲಿ ಫೆಬ್ರವರಿಯಲ್ಲಿ ಎಲೆಯೇ ಕಾಣದಷ್ಟು ಹೂ! ನಾನು ದಿನಾ ನೀರು ಹಾಕುತ್ತೇನೆ, ತಿಂಗಳಿಗೊಮ್ಮೆ ಸೆಗಣಿ ಸ್ಲರಿ ಬಿಡುತ್ತೇನೆ, ನಡುವೆ ನೆಲಗಡಲೆ ಹಿಂಡಿ ನೆನೆಸಿದ ನೀರು ಕೊಡುತ್ತೇನೆ. ಬಿಸಿಲು ಬೆಳಿಗ್ಗೆ 9ರಿಂದ 11ರವರೆಗೆ, ಆಮೇಲೆ ಅಡಿಕೆ ಮರದ ನೆರಳು. ಇನ್ನೇನು ಹಾಕಬೇಕು?

ಮುಳ್ಳೇರಿಯದ ಅಕ್ಕ
ಇನ್ನೇನೂ ಹಾಕಬೇಡಿ. ಹಾಕುವುದನ್ನು ನಿಲ್ಲಿಸಿ. ಸ್ಲರಿ, ಹಿಂಡಿ ಎರಡರಲ್ಲೂ ಸಾರಜನಕ ಜಾಸ್ತಿ, ಅದು ಎಲೆ ಮತ್ತು ಉದ್ದ ಗೆಲ್ಲು ಬೆಳೆಸುತ್ತದೆ. ಜೊತೆಗೆ ದಿನಾ ನೀರು ಸಿಕ್ಕಿದರೆ ಗಿಡಕ್ಕೆ ಹೂ ಬಿಡುವ ಗರಜೇ ಇರುವುದಿಲ್ಲ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ನೀರು ಕಡಿಮೆ ಮಾಡಿ. ಮಣ್ಣು ಒಣಗಿ, ಎಲೆ ಸ್ವಲ್ಪ ಬಾಡಿದಂತೆ ಕಂಡಾಗ ಒಮ್ಮೆ ಬುಡ ತುಂಬ ಕೊಡಿ, ಮತ್ತೆ ಬಿಡಿ. ಗೊಬ್ಬರ ಹಾಕಲೇಬೇಕು ಅನಿಸಿದರೆ ಒಂದು ಹಿಡಿ ಒಲೆ ಬೂದಿ ಸಾಕು.

ಇನ್ನೊಂದು ವಿಷಯ. ನಾವು ಹೂ ಅನ್ನುವುದು ನಿಜಕ್ಕೂ ಬಣ್ಣ ಬಂದ ಎಲೆ, ಅದರ ನಡುವಿನ ಸಣ್ಣ ಬಿಳಿ ಕೊಳವೆಯೇ ಹೂ. ಹೂ ಮುಗಿದರೂ ಬಣ್ಣ ತುಂಬಾ ದಿನ ಉಳಿಯುತ್ತದೆ, ಹಾಗಾಗಿ ಕತ್ತರಿಸಲು ನಮಗೆ ಮನಸ್ಸು ಬರುವುದಿಲ್ಲ ಅಲ್ವಾ? ಬಣ್ಣ ಮಾಸಿದ ಕೂಡಲೇ ಗೆಲ್ಲಿನ ತುದಿ ಕತ್ತರಿಸಿ. ಹೊಸ ಚಿಗುರಿನಲ್ಲೇ ಮತ್ತೆ ಹೂ ಬರುವುದು.

ಕುಂಬಳೆ ಕಡಲು
ಅಕ್ಕ ಹೇಳಿದ್ದು ಸರಿ, ಆದರೆ ನನ್ನ ಪ್ರಕಾರ ಇಲ್ಲಿ ಮೊದಲ ತೊಂದರೆ ನೆರಳು. ಎರಡು ಗಂಟೆ ಬಿಸಿಲು ಏನೂ ಸಾಲದು, ಕಡಿಮೆ ಅಂದರೂ ಐದಾರು ಗಂಟೆ ನೇರ ಬಿಸಿಲು ಬೀಳಬೇಕು. ನೀರು ನಿಲ್ಲಿಸಿದರೂ ನೆರಳಲ್ಲಿ ಅದು ಸುಮ್ನೆ ಎಲೆ ಉದುರಿಸಿ ನಿಲ್ಲುತ್ತದೆ.

ಹಾಗಂತ ದೊಡ್ಡ ಗಿಡವನ್ನು ಕಿತ್ತು ಬೇರೆ ಕಡೆ ನೆಡಲು ಹೋಗಬೇಡಿ. ಇದರ ಬೇರು ಬಹಳ ನಾಜೂಕು, ಮಣ್ಣು ಉದುರಿದರೆ ಬೇರೂ ಹರಿಯುತ್ತದೆ. ಪತ್ತನಾಜೆ (ಮೇ ಕೊನೆಯ ವಾರ) ಕಳೆದು ಮಳೆ ಶುರುವಾಗುವಾಗ ಪೆನ್ಸಿಲ್ ದಪ್ಪದ ಬಲಿತ ಗೆಲ್ಲನ್ನು ಒಂದು ಗೇಣು ಉದ್ದ ಕತ್ತರಿಸಿ ನೆಡಿ. ನಾಲ್ಕೈದು ನೆಟ್ಟರೆ ಎರಡಾದರೂ ಹಿಡಿಯುತ್ತದೆ. ನೆಡುವ ಚಟ್ಟಿಗೆ (ಹೂಕುಂಡಕ್ಕೆ) ಚರಲು ಮಣ್ಣು (ಸಣ್ಣ ಕಲ್ಲು ಬೆರೆತ ಮಣ್ಣು), ಹೊಯಿಗೆ (ಮರಳು), ಸ್ವಲ್ಪ ಸುಡುಮಣ್ಣು ಹಾಕಿ. ಚಟ್ಟಿ ತುಂಬಾ ದೊಡ್ಡದು ಬೇಡ, ಬೇರು ಇಕ್ಕಟ್ಟಾದರೆ ಹೂ ಚೆನ್ನಾಗಿ ಬರುತ್ತದೆ. ಮತ್ತೆ ಅಡಿಯ ತೂತು ನೋಡಿಕೊಳ್ಳಿ. ಒಂದು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನನ್ನ ಎರಡು ಚಟ್ಟಿಯ ತೂತು ಕಟ್ಟಿಕೊಂಡು, ನೀರು ನಿಂತು, ಎರಡೂ ಗಿಡ ಬುಡದಿಂದಲೇ ಕೊಳೆತುಹೋದವು. ತುಂಬಾ ಬೇಸರವಾಗಿತ್ತು. ಈಗ ಪ್ರತಿ ಚಟ್ಟಿಯನ್ನೂ ಮೂರು ಕಲ್ಲಿನ ಮೇಲೆ ಇಡುತ್ತೇನೆ.

ಪೆರ್ಲದ ಅಂಗಳ
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಾವಿಕಟ್ಟೆ ಹತ್ತಿರ ಮಧ್ಯಾಹ್ನದ ಬಿಸಿಲು ಚೆನ್ನಾಗಿದೆ, ಚಟ್ಟಿ ಅಲ್ಲಿ ಇಡಬಹುದಾ? ಹಳೆ ಗಿಡ ಯಾವಾಗ ಕತ್ತರಿಸಲಿ?

ಮುಳ್ಳೇರಿಯದ ಅಕ್ಕ
ಬಾವಿ ಹತ್ತಿರ ಬೇಡ, ದಿನಾ ಓಡಾಡುವ ಜಾಗ, ಮುಳ್ಳು ಕಣ್ಣಿನ ಎತ್ತರಕ್ಕೇ ಬರುತ್ತದೆ. ಅಡಿಕೆ ಒಣಗಿಸುವ ಅಂಗಳ ಇದೆಯಲ್ಲ? ದಿನವಿಡೀ ಬಿಸಿಲು ಬೀಳುವ ಜಾಗ ಅಂತ ನೋಡಿಯೇ ಹಿರಿಯರು ಅದನ್ನು ಮಾಡಿದ್ದು. ಅದರ ಮೂಲೆಯಲ್ಲಿ ಇಡಿ. ಉದುರಿದ್ದು ಅಡಿಕೆ ಮೇಲೆ ಹಾರದ ಹಾಗೆ ಗಾಳಿಯ ದಿಕ್ಕು ಮಾತ್ರ ನೋಡಿಕೊಳ್ಳಿ. ಹಳೆ ಗಿಡವನ್ನು ಮಳೆಗಾಲದಲ್ಲಿ ಮುಟ್ಟಬೇಡಿ, ಕತ್ತರಿಸಿದಷ್ಟೂ ಎಲೆಯೇ ಬರುತ್ತದೆ. ಅಕ್ಟೋಬರ್ ಕೊನೆಗೆ, ಮಳೆ ಕಡಿಮೆಯಾದಾಗ, ಮೂರರಲ್ಲಿ ಒಂದು ಪಾಲು ತೆಗೆಯಿರಿ. ಆಮೇಲೆ ರಾತ್ರಿ ಉದ್ದವಾಗುತ್ತದೆ, ಹೊಸ ಚಿಗುರು ಮೊಗ್ಗಿಗೆ ತಿರುಗಲು ಅದೇ ಒಳ್ಳೆಯ ಕಾಲ.

ಪೆರ್ಲದ ಅಂಗಳ
ಆ ಅಂಗಳದ ಪಡುವಣ ಮೂಲೆಯಲ್ಲಿ ಒಂದು ಹಳೆ ಸಿಮೆಂಟ್ ಚಟ್ಟಿ ಖಾಲಿ ಇದೆ, ತೂತು ದೊಡ್ಡದು ಮಾಡಿಟ್ಟೆ. ಸ್ಲರಿಯ ಪೈಪನ್ನು ಇವತ್ತೇ ತೆಂಗಿನ ಬುಡಕ್ಕೆ ತಿರುಗಿಸಿದೆ. ಮಳೆ ಬರುವಾಗ ಆರು ಗೆಲ್ಲು ನೆಡುತ್ತೇನೆ, ಫೋಟೋ ಹಾಕುತ್ತೇನೆ.