‘ಮಾರ್ಕರ್’ಗೆ ಕುರುಹು ಅಂದ್ರೆ ಆದೀತಾ?

ಎಲ್ರಿಗೂ ನಮಸ್ಕಾರ. ನಮ್ಮ ಬದಿಯಡ್ಕದ ಕಡೆ ಹೆಂಗಸರಿಗೆ ಹಂಚ್ಲಿಕ್ಕೆ ಅಂತ ಪ್ಯಾಪ್ ಟೆಸ್ಟಿನ (ಗರ್ಭಕೋಶದ ಬಾಯಿಂದ ಜೀವಕೋಶ ತೆಗೆದು ಕ್ಯಾನ್ಸರಿನ ಸುಳಿವು ಉಂಟಾ ಅಂತ ನೋಡುವ ಪರೀಕ್ಷೆ) ಬಗ್ಗೆ ಒಂದು ಕರಪತ್ರ, ಮಲಯಾಳದಿಂದ ಕನ್ನಡಕ್ಕೆ ಮಾಡಿದ್ದು, ತಿದ್ದಿ ಕೊಡಿ ಅಂತ ನನ್ನ ಕೈಗೆ ಬಂತು, ಮೊದಲ ಸಾಲಲ್ಲೇ ಎಡವಿದೆ. “ಗರ್ಭಾಶಯಗಳ ಕ್ಯಾನ್ಸರ್” ಅಂತ ಉಂಟು. ಒಬ್ಬಳಿಗೆ ಎಷ್ಟು ಗರ್ಭಾಶಯ ಮಾರಾಯ್ರೆ! ಆಮೇಲೆ ಹೊಳೀತು, ಅಲ್ಲಿ ಗಳ ಅಂದ್ರೆ ಕೊರಳು, ಲಿಪಿ ಮಾತ್ರ ಬದಲಾಯಿಸಿ ಬಿಟ್ಟಿದ್ದಾರೆ, ನಮ್ಮಲ್ಲಿ ಅದು ಬಹುವಚನವಾಗಿ ಕೂತಿದೆ. ಗರ್ಭಕಂಠ ಅಂತ ಮಾಡಿದೆ. ಲ್ಯಾಟಿನ್ನಿನ ಸರ್ವಿಕ್ಸ್ ಅಂದ್ರೂ ಕೊರಳೇ, ಹಾಗಾಗಿ ಅದರಲ್ಲಿ ತಕರಾರಿಲ್ಲ.

“ಅಸಹಜ ಜೀವಕೋಶ” ಓದಿದ ನೆರೆಮನೆ ಅಕ್ಕ “ಪೇಪರಲ್ಲಿ ಅಸಹಜ ಸಾವು ಅಂತ ಬರ್ತದಲ್ಲ, ಹಾಗೆಯಾ?” ಅಂತ ಕೇಳಿದ್ರು. ಸದ್ಯಕ್ಕೆ “ಬದಲಾದ ಜೀವಕೋಶ” ಅಂತ ಹಾಕಿದ್ದೇನೆ, ಸ್ವಲ್ಪ ಪೇಲವ ಅನ್ನಿಸ್ತದೆ.

ಈಗ ನಿಜವಾದ ಪ್ರಶ್ನೆ. ಕರಪತ್ರದಲ್ಲಿ ಪಿ16, ಕೆಐ-67 ಅನ್ನುವ ಎರಡು ಪ್ರೋಟೀನ್‌ಗಳಿಗೆ, ಇಂಗ್ಲಿಷಿನಲ್ಲಿ ಮಾರ್ಕರ್ ಅಂದದ್ದಕ್ಕೆ, “ಗುರುತುಕಾರಕ” ಅಂತ ಬರೆದು, ಡ್ಯುವಲ್ ಸ್ಟೇನ್ (ಎರಡಕ್ಕೂ ಬೇರೆ ಬೇರೆ ಬಣ್ಣ ಹಚ್ಚಿ ನೋಡೋದು) ಅಂದದ್ದನ್ನ “ಎರಡನ್ನೂ ಕಲೆಹಾಕಿ” ಅಂತ ಮಾಡಿದ್ದಾರೆ. ಕಲೆಹಾಕೋದು ಅಂದ್ರೆ ಒಟ್ಟುಮಾಡೋದಲ್ವಾ, ಚಂದಾ ಕಲೆಹಾಕಿದ ಹಾಗೆ! ಬಣ್ಣ ಹಚ್ಚೋದು ಅಂದ್ರೆ ಸಾಕು. ಆದ್ರೆ ಗುರುತುಕಾರಕ ಅಂದ್ರೆ ಹೊರಗಿಂದ ತಂದು ಹಚ್ಚಿದ ಎಂತದೋ ಅನ್ನಿಸ್ತದೆ. ಪ್ರೋಟೀನ್ ಜೀವಕೋಶದ ಒಳಗೇ ಇರೋದು, ನಾವು ಹಚ್ಚೋದು ಅದಕ್ಕೆ ಅಂಟಿಕೊಳ್ಳುವ ಆಂಟಿಬಾಡಿ ಮತ್ತೆ ಬಣ್ಣ ಮಾತ್ರ. ಪಿ16ರ ಕೆಲಸ ಜೀವಕೋಶ ಒಡೆದು ಎರಡಾಗೋದಕ್ಕೆ ಬ್ರೇಕ್ ಹಾಕೋದು. ಈ ಕ್ಯಾನ್ಸರಿಗೆ ಮುಖ್ಯ ಕಾರಣವಾದ ಎಚ್‌ಪಿವಿ ವೈರಸ್ಸಿನ ಇ7 ಅನ್ನೋ ಪ್ರೋಟೀನ್ ಆರ್‌ಬಿ ಅನ್ನೋ ಇನ್ನೊಂದನ್ನ ಕೆಡಿಸಿಬಿಟ್ರೆ ಬ್ರೇಕಿನ ವಯರು ಕಡಿದ ಹಾಗೆ, ಜೀವಕೋಶ ಪಿ16 ರಾಶಿ ಹಾಕ್ತಾ ಹೋಗ್ತದೆ, ಗಾಡಿ ನಿಲ್ಲೋದಿಲ್ಲ. ಕೆಐ-67 ಕಾಣೋದು ಒಡೆಯುವ ದಾರಿಯಲ್ಲಿರೋ ಜೀವಕೋಶದಲ್ಲಿ, ಅಂದ್ರೆ ಚಕ್ರ ತಿರುಗ್ತಾ ಉಂಟು ಅಂತ. (ಈ ಹೆಸರಿನ ಕೆಐ ಜರ್ಮನಿಯ ಕೀಲ್ ಅನ್ನೋ ಊರಿಂದ ಬಂದದ್ದು.) ಬ್ರೇಕೂ ಒತ್ತಿದೆ ಚಕ್ರವೂ ತಿರುಗ್ತಿದೆ ಅಂದ್ರೆ ಏನೋ ಕೆಟ್ಟಿದೆ. ಸ್ಲೈಡಲ್ಲಿ ಒಂದೇ ಜೀವಕೋಶಕ್ಕೆ ಪಿ16ರ ಕಂದು, ಅದರ ನಡುವಿನ ಬೀಜಕ್ಕೆ (ನ್ಯೂಕ್ಲಿಯಸ್) ಕೆಐ-67ರ ಕೆಂಪು, ಎರಡೂ ಬಂದ್ರೆ ಕಾಲ್ಪೋಸ್ಕೋಪಿ (ಗರ್ಭಕಂಠವನ್ನ ದೊಡ್ಡದಾಗಿ ತೋರಿಸುವ ಉಪಕರಣದಲ್ಲಿ ನೋಡೋದು) ಮಾಡಿ ನೋಡಿ ಅಂತ ಹೇಳ್ತಾರೆ, ಅದೇ ಕ್ಯಾನ್ಸರ್ ಅಂತ ಅಲ್ಲ.

ಅದಕ್ಕೇ ನಂಗೆ ‘ಕುರುಹು’ ಸರಿ ಕಾಣ್ತದೆ, ಬಿಟ್ಟು ಹೋದದ್ದು, ನಾವು ಹುಡುಕಿ ಕಾಣೋದು. ಸೂಚಕ ಅಂದ್ರೆ ಸಭೆಯಲ್ಲಿ ಠರಾವು ಮಂಡಿಸುವವರ ನೆನಪಾಗ್ತದೆ. ಮಾರ್ಕರ್ ಅಂತಲೇ ಬಿಡಿ ಅಂತಾನೆ ನನ್ನ ಮಗ, ಅವನಿಗೆ ಅದು ಬೋರ್ಡಿನ ಪೆನ್ನು.

ಮತ್ತೆ ಜೀವಕೋಶಗಳ ‘ವರ್ಗೀಕರಣ’ದ ಬದಲು ‘ತರ ಮಾಡುವುದು’ ಅಂತ ಬರೆದ್ರೆ ಗಟ್ಟದ ಮೇಲಿನವರಿಗೆ ತಿಳೀತದಾ? ಇಲ್ಲಿ ಅಂಗಳದಲ್ಲಿ ಪಟೋರ, ಉಳ್ಳಿ, ಕೋಕ ಅಂತ ಅಡಿಕೆ ತರ ಮಾಡಿದವರಿಗೆ ಬೇರೆ ವಿವರಣೆ ಬೇಡ. ಮೇಲಿಂದ ನೋಡಿ ಅನುಮಾನ ಬಂದ್ರೆ ಒಡೆದು ನೋಡ್ತಾರೆ, ಇಲ್ಲೂ ಕಣ್ಣಳತೆಗೆ ಸಿಗದ್ದನ್ನೇ ಬಣ್ಣ ಹಚ್ಚಿ ನೋಡೋದು.

ಭಾನುವಾರ ಪ್ರಿಂಟಿಗೆ ಕೊಡ್ಲಿಕ್ಕುಂಟು, ಕುರುಹು ಬೇಡ ಅನ್ನುವವರು ಅದರ ಮುಂಚೆ ಹೇಳಿ.